ಬಿಳಿ ಯೂನಿಫಾರ್ಮು, ತಲೆ ಮೇಲಿನ ಕ್ಯಾಪ್: ಈಗಲೂ ಹಾಕಬಹುದಾ?

ಪ್ರಶ್ನೆ: ಅಕ್ಕಾ, ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ಈಗ ಊರ ಕಡೆಯೇ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ್ದೇನೆ. ಇಲ್ಲಿ ಎಲ್ಲರೂ ಬಣ್ಣದ ಸ್ಕ್ರಬ್ಸ್, ಅಂದರೆ ಸಡಿಲ ಅಂಗಿ-ಪ್ಯಾಂಟು, ಹಾಕುತ್ತಾರೆ. ಬಿಳಿ ಹಾಕಿದರೆ ಅಡ್ಡಿಯಿಲ್ಲ ಅಂತ ಹೇಳಿದ್ದಾರೆ, ಆದರೆ ಯಾರೂ ಹಾಕುವುದಿಲ್ಲ. ನನಗೆ ಚಿಕ್ಕಂದಿನಿಂದಲೂ ಆ ಬಿಳಿ ಬಟ್ಟೆ, ಕ್ಯಾಪ್ ಅಂದರೆ ಜೀವ. ಹಾಕಿಕೊಂಡು ಹೋದರೆ ತಪ್ಪಾ? ರೋಗಿಗಳಿಗೆ ಏನಾದರೂ ತೊಂದರೆ ಇದೆಯಾ?

ಉತ್ತರ: ತಂಗಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಈ ಪ್ರಶ್ನೆಯನ್ನು ನನ್ನ ಹತ್ತಿರ ಎಷ್ಟೋ ಸಲ ಕೇಳಿದ್ದಾರೆ. ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಳಿ ಹಾಕು, ಧೈರ್ಯವಾಗಿ ಹಾಕು. ಕ್ಯಾಪ್ ಮಾತ್ರ ವಾರ್ಡಿಗೆ ತರಬೇಡ. ಅದು ಮಾಡುತ್ತಿದ್ದ ಒಂದು ದೊಡ್ಡ ಕೆಲಸ ಇತ್ತು, ಆ ಕೆಲಸಕ್ಕೆ ಬೇರೆ ದಾರಿ ಮಾಡಿಕೊಳ್ಳಬೇಕು. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತೇನೆ.

ಕ್ಯಾಪ್ ಎಲ್ಲಿಂದ ಬಂತು? ಯುರೋಪಿನಲ್ಲಿ ಹಿಂದೆ ರೋಗಿಗಳ ಸೇವೆ ಮಾಡುತ್ತಿದ್ದವರಲ್ಲಿ ಕ್ರೈಸ್ತ ಸನ್ಯಾಸಿನಿಯರು ತುಂಬಾ ಜನ. ಅವರ ತಲೆವಸ್ತ್ರವೇ ಸಣ್ಣದಾಗುತ್ತಾ ಬಂದು ಕ್ಯಾಪ್ ಆಯಿತು. ನಮ್ಮನ್ನು ಎಲ್ಲರೂ ‘ಸಿಸ್ಟರ್’ ಅನ್ನುವುದೂ ಅಲ್ಲಿಂದಲೇ ಬಂದದ್ದು. ಆಧುನಿಕ ನರ್ಸಿಂಗಿಗೆ ತಳಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದಾಗ ಅಲ್ಲಿ ಕಲಿಯುವವರಿಗೂ ಕ್ಯಾಪ್ ಇತ್ತು. ಆದರೆ ಅವರ ಬಟ್ಟೆ ಪೂರ್ತಿ ಬಿಳಿ ಅಲ್ಲ. ಗಾಢ ಬಣ್ಣದ ಉಡುಪಿನ ಮೇಲೆ ಬಿಳಿ ಏಪ್ರನ್ ಕಟ್ಟುತ್ತಿದ್ದರು. ಪೂರ್ತಿ ಬಿಳಿ ಬಂದದ್ದು ಆಮೇಲೆ. ಕಣ್ಣಿಗೆ ಕಾಣದ ರೋಗಾಣುಗಳಿಂದ ಸೋಂಕು ಹರಡುತ್ತದೆ ಅಂತ ಗೊತ್ತಾದ ಮೇಲೆ, 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದಲ್ಲಿ. ಬಿಳಿಯಲ್ಲಿ ಕೊಳೆ ಅಡಗುವುದಿಲ್ಲ. ಕುದಿಸಬಹುದು, ಬ್ಲೀಚ್ ಹಾಕಬಹುದು, ಬಣ್ಣ ಬಿಡುತ್ತದೆ ಅನ್ನುವ ಭಯ ಇಲ್ಲ.

ನಾನು ಕಲಿಯುವಾಗ ನಮ್ಮ ಹಾಸ್ಟೆಲಿನಲ್ಲಿ ಭಾನುವಾರ ಅಂದರೆ ಕ್ಯಾಪಿನ ದಿನ. ಕ್ಯಾಪಿನ ಬಟ್ಟೆ ಗಟ್ಟಿಯಾಗಿ ನಿಲ್ಲಲು ಗಂಜಿ ಹಾಕಬೇಕಿತ್ತು. ಕುಚುಲಕ್ಕಿಯ ತಿಳಿ ಆಗುತ್ತಿರಲಿಲ್ಲ, ಬಟ್ಟೆ ಕೆಂಪಗಾಗುತ್ತಿತ್ತು. ಬೆಳ್ತಿಗೆ ಅಕ್ಕಿಯ ಗಂಜಿ ತಿಳಿಯೇ ಬೇಕು. ಮನೆಯಿಂದ ಕೂವೆ ಹುಡಿ ತಂದವಳಿದ್ದರೆ ಅವತ್ತು ಅವಳಿಗೆ ರಾಜ ಮರ್ಯಾದೆ. ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಹಿಂಡದೆ, ಕಿಟಕಿಯ ಗಾಜಿಗೆ ನೆರಿಗೆ ಬಾರದ ಹಾಗೆ ಅಂಟಿಸಿ ಬಿಡುತ್ತಿದ್ದೆವು. ಸಂಜೆ ಹೊತ್ತಿಗೆ ಅದು ಹಪ್ಪಳದ ಹಾಗೆ ಕಟಕಟ ಅನ್ನುತ್ತಾ ಗಾಜಿನಿಂದ ಎದ್ದು ಬರುತ್ತಿತ್ತು. ಮುಂದಿನ ಅಂಚು ಮಡಚಿ, ಹಿಂದಿನ ಎರಡು ಮೂಲೆ ಎಳೆದು ಪಿನ್ನು ಹಾಕಿದರೆ ಕ್ಯಾಪ್ ಸಿದ್ಧ. ಮೊದಲ ಸಲ ಅದನ್ನು ತಲೆ ಮೇಲಿಟ್ಟು, ಕೈಯಲ್ಲಿ ದೀಪ ಹಿಡಿದು ಪ್ರತಿಜ್ಞೆ ಹೇಳಿದ ದಿನ ನನ್ನ ಅಮ್ಮ ಕೊನೆಯ ಸಾಲಿನಲ್ಲಿ ನಿಂತು ಅತ್ತಿದ್ದರು. ಆ ಪ್ರತಿಜ್ಞೆಗೆ ನೈಟಿಂಗೇಲ್ ಹೆಸರಿದೆ, ಆದರೆ ಬರೆದದ್ದು ಅವರಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಒಂದು ನರ್ಸಿಂಗ್ ಶಾಲೆಯಲ್ಲಿ ಹುಟ್ಟಿದ್ದು. ಕ್ಯಾಪ್ ಅಂದರೆ ನಿನಗೆ ಯಾಕೆ ಜೀವ ಅಂತ ನನಗೆ ಚೆನ್ನಾಗಿ ಗೊತ್ತು ತಂಗಿ.

ಆದರೂ ಬೇಡ ಅನ್ನುತ್ತೇನೆ. ಯಾಕೆ ಅಂತ ಕೇಳು.

ಅಷ್ಟು ಕಷ್ಟಪಟ್ಟು ಮಡಚಿದ ಕ್ಯಾಪನ್ನು ದಿನಾ ಯಾರು ಬಿಚ್ಚಿ ಒಗೆಯುತ್ತಾರೆ? ವಾರಕ್ಕೊಮ್ಮೆ, ಕೆಲವರು ಎರಡು ವಾರಕ್ಕೊಮ್ಮೆ ಒಗೆಯುತ್ತಿದ್ದರು. ಸೀರೆ ದಿನಾ ಬದಲಾಗುತ್ತಿತ್ತು, ಕ್ಯಾಪ್ ಅದೇ ಇರುತ್ತಿತ್ತು. ಅದು ಜಾರುತ್ತದೆ, ಕೈ ತಾನಾಗಿ ಮೇಲೆ ಹೋಗುತ್ತದೆ, ಸರಿ ಮಾಡುತ್ತದೆ. ಅದೇ ಕೈ ಮತ್ತೆ ರೋಗಿಯ ಮೇಲೆ. ಒಂದು ಡ್ಯೂಟಿಯಲ್ಲಿ ಹೀಗೆ ಎಷ್ಟು ಸಲ ಮುಟ್ಟುತ್ತೇವೆ ಅಂತ ನಮಗೇ ಗೊತ್ತಿರುವುದಿಲ್ಲ. ಬಗ್ಗಿದರೆ ಸೊಳ್ಳೆ ಪರದೆಗೆ ಸಿಕ್ಕುತ್ತದೆ, ಡ್ರಿಪ್ಪಿನ ಟ್ಯೂಬಿಗೆ ತಾಗುತ್ತದೆ. ನನಗೇ ಆದ ಒಂದು ಘಟನೆ ಹೇಳುತ್ತೇನೆ. ಕಾಲಿನ ದೊಡ್ಡ ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಎಲ್ಲ ಸಿದ್ಧ ಮಾಡಿ ಬಗ್ಗಿದೆ. ಪಿನ್ನು ಸಡಿಲಾಗಿತ್ತು. ಕ್ಯಾಪ್ ನೇರ ಸ್ಟೆರೈಲ್ ಟ್ರೇಗೆ, ಅಂದರೆ ರೋಗಾಣು ಇಲ್ಲದ ಹಾಗೆ ಸಿದ್ಧ ಮಾಡಿದ ಟ್ರೇಗೆ, ಬಿತ್ತು. ಇಡೀ ಸೆಟ್ಟು ವ್ಯರ್ಥ, ಹೊಸದು ತರುವ ತನಕ ಆ ಮನುಷ್ಯ ಗಾಯ ತೆರೆದಿಟ್ಟು, ಹಲ್ಲು ಕಚ್ಚಿ ಕಾಯುತ್ತಿದ್ದ. ಆ ಮುಖ ನನಗೆ ಇವತ್ತಿಗೂ ನೆನಪಿದೆ.

ಇನ್ನೊಂದು ಮಾತು. ಕ್ಯಾಪ್ ಕೂದಲನ್ನು ಮುಚ್ಚುವುದೂ ಇಲ್ಲ. ಆಪರೇಷನ್ ಥಿಯೇಟರಿನ ಟೋಪಿ ಬೇರೆ, ಅದು ಪೂರ್ತಿ ಮುಚ್ಚುತ್ತದೆ. ನಮ್ಮದು ಜಡೆಯ ಮೇಲೆ ಸುಮ್ನೆ ಕೂತಿರುತ್ತಿತ್ತು, ಅಷ್ಟೆ. ಗಂಡು ನರ್ಸುಗಳಿಗಂತೂ ಅದು ಇರಲೇ ಇಲ್ಲ. ಅವರಿಂದ ಸೋಂಕು ಜಾಸ್ತಿ ಆಯಿತು ಅಂತ ನಾನು ಎಲ್ಲೂ ಕಂಡಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ 1970, 80ರ ದಶಕಗಳಲ್ಲೇ ಕ್ಯಾಪ್ ಹೋಗತೊಡಗಿತು. ಇಂಗ್ಲೆಂಡಿನಲ್ಲಿ 2007ರಲ್ಲಿ ಇನ್ನೂ ಮುಂದೆ ಹೋಗಿ, ರೋಗಿಯನ್ನು ಮುಟ್ಟುವವರ ಮೊಣಕೈ ಕೆಳಗೆ ಬಟ್ಟೆಯ ತೋಳು, ವಾಚು, ಬಳೆ ಯಾವುದೂ ಇರಬಾರದು ಅಂತ ಸರಕಾರವೇ ಹೇಳಿತು. ಕೈ ಸರಿಯಾಗಿ ತೊಳೆಯಲು ಆಗಬೇಕು ಅನ್ನುವುದೇ ಅದರ ಉದ್ದೇಶ. ನೀನೂ ಬಿಳಿ ಹೊಲಿಸುವುದಾದರೆ ಗಿಡ್ಡ ತೋಳೇ ಇಡಿಸು.

ಈಗ ಕ್ಯಾಪ್ ಮಾಡುತ್ತಿದ್ದ ದೊಡ್ಡ ಕೆಲಸಕ್ಕೆ ಬರುತ್ತೇನೆ.

ನಮ್ಮ ಕಾಸರಗೋಡಿನ ಒಂದು ವಾರ್ಡನ್ನು ನೆನಪು ಮಾಡಿಕೋ. ಒಂದು ಮಂಚದಲ್ಲಿ ತುಳು, ಪಕ್ಕದಲ್ಲಿ ಮಲಯಾಳ, ಅದರಾಚೆ ಬ್ಯಾರಿ, ಕಿಟಕಿ ಹತ್ತಿರ ಕೊಂಕಣಿ. ಉಪ್ಪಳದಿಂದ ಬಂದವರು ಉರ್ದು ಮಾತಾಡುತ್ತಾರೆ, ಇನ್ನು ಕೆಲವರ ಮನೆಮಾತು ಮರಾಠಿ. ಕನ್ನಡದವರು ನಾವಂತೂ ಇದ್ದೇ ಇದ್ದೇವೆ. ಸಪ್ತಭಾಷೆಯ ಊರು ಅಂತ ಹೆಮ್ಮೆಯಿಂದ ಹೇಳುತ್ತೇವೆ, ಅಲ್ವಾ? ಆದರೆ ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದ ಪೆರ್ಲದ ಅಜ್ಜಿಗೆ ಯಾರನ್ನು ಕರೆಯಬೇಕು ಅಂತ ಗೊತ್ತಾಗಬೇಕಲ್ಲ? ಹಿಂದೆ ಗೊತ್ತಾಗುತ್ತಿತ್ತು. ಮಬ್ಬು ಬೆಳಕಿನಲ್ಲಿ ಒಂದು ಬಿಳಿ ಕ್ಯಾಪ್ ಓಡಾಡಿದರೆ ಸಾಕು, ಯಾವ ಭಾಷೆಯೂ ಬೇಡ, ಕೈ ಎತ್ತುತ್ತಿದ್ದರು. ಈಗ ಸ್ಕ್ರಬ್ಸ್‌ನಲ್ಲಿ ನರ್ಸು, ಲ್ಯಾಬಿನವರು, ಎಕ್ಸ್‌ರೇಯವರು, ಕೆಲವು ಕಡೆ ಕ್ಲೀನಿಂಗಿನವರೂ ಒಂದೇ ಥರ ಕಾಣುತ್ತಾರೆ. ಲ್ಯಾಬಿನ ಹುಡುಗನ ಹತ್ತಿರ ಮಾತ್ರೆ ಕೇಳಿ ಸುಮ್ಮನಾದ ವಯಸ್ಸಾದವರನ್ನು ನಾನು ಕಂಡಿದ್ದೇನೆ. ಇದು ಸಣ್ಣ ವಿಷಯ ಅಲ್ಲ.

2020ರ ಏಪ್ರಿಲಿನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಕೋವಿಡ್ ಆಸ್ಪತ್ರೆ ಮಾಡಿದರು, ನೆನಪಿರಬಹುದು. ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ, ಮಂಗಳೂರಿನ ದಾರಿಯೂ ಇಲ್ಲದ ದಿನಗಳು ಅವು. ಪಿಪಿಇ ಕಿಟ್ ಹಾಕಿದರೆ ಎಲ್ಲರೂ ಒಂದೇ ಥರ, ಕಣ್ಣು ಕೂಡ ಕನ್ನಡಕದ ಹಿಂದೆ. ಆಗ ಎಲ್ಲ ಕಡೆ ನರ್ಸುಗಳು ಏನು ಮಾಡಿದರು? ಮಾರ್ಕರ್ ಪೆನ್ನಿನಲ್ಲಿ ಎದೆಯ ಮೇಲೆ ಹೆಸರು ಬರೆದುಕೊಂಡರು. ಇಷ್ಟು ಮಾಡಿದರೆ ಸಾಕು, ರೋಗಿ ಹೆಸರು ಹಿಡಿದು ಕರೆಯುತ್ತಾನೆ.

ಅದಕ್ಕೇ ಹೇಳುವುದು, ಕ್ಯಾಪಿನ ಜಾಗಕ್ಕೆ ಒಂದು ದೊಡ್ಡ ಬ್ಯಾಡ್ಜ್ ಬೇಕು. ಸೊಂಟದಲ್ಲಿ ತಿರುಗಿಕೊಂಡು ನೇತಾಡುವ ಐಡಿ ಕಾರ್ಡು ಸಾಲದು. ಎದೆಯ ಮೇಲೆ, ಕನ್ನಡ ಮತ್ತು ಮಲಯಾಳದಲ್ಲಿ, ಮಂಚದಿಂದ ಓದಲು ಆಗುವಷ್ಟು ದಪ್ಪ ಅಕ್ಷರದಲ್ಲಿ ‘ನರ್ಸ್’ ಅಂತ, ಕೆಳಗೆ ನಿನ್ನ ಹೆಸರು. ನೇಮ್ ಬೋರ್ಡ್ ಮಾಡುವ ಅಂಗಡಿಯಲ್ಲೇ ಇದನ್ನು ಮಾಡಿಸಬಹುದು. ಕನ್ನಡ ಅಕ್ಷರ ಕಂಡ ಕೂಡಲೇ ನಮ್ಮ ಹಳ್ಳಿ ಹೆಂಗಸರು ನೋವಿನ ಬಗ್ಗೆ ಬಾಯಿ ಬಿಟ್ಟು ಹೇಳುವುದನ್ನು ನಾನು ನೋಡಿದ್ದೇನೆ. ಅಲ್ಲಿಯ ತನಕ ‘ಎಲ್ಲಾ ಸರಿ ಇದೆ’ ಅನ್ನುತ್ತಿದ್ದವರು ಅವರು.

ಬಿಳಿ ಎಲ್ಲ ಕಡೆ ಒಳ್ಳೆಯದಾ? ಇಲ್ಲ. ಮಕ್ಕಳ ವಾರ್ಡಿನಲ್ಲಿ ಬಿಳಿ ಕಂಡರೆ ಇಂಜೆಕ್ಷನ್ ಅಂತ ಅಳು ಶುರು. ದೊಡ್ಡವರಲ್ಲೂ ಬಿಳಿ ಕೋಟು ಕಂಡು ಬಿಪಿ ಏರುವವರಿದ್ದಾರೆ. ಥಿಯೇಟರಿನಲ್ಲಿ ಹಸಿರು, ನೀಲಿ ಬಂದದ್ದೂ ಕಾರಣವಿಲ್ಲದೆ ಅಲ್ಲ. ರಕ್ತದ ಕೆಂಪನ್ನೇ ನೋಡುತ್ತಾ ಇದ್ದು ಬಿಳಿ ಕಡೆ ತಿರುಗಿದರೆ ಕಣ್ಣಿಗೆ ಹಸಿರು ನೆರಳು ಬರುತ್ತದೆ. ಎಣ್ಮಕಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ನರಳುವವರ ಮನೆಗಳಿಗೆ ಪಾಲಿಯೇಟಿವ್ ಆರೈಕೆಗೆ, ಅಂದರೆ ನೋವು ಕಡಿಮೆ ಮಾಡುವ ಆರೈಕೆಗೆ, ಹೋಗುವಾಗ ನಾನು ಸಾದಾ ಬಣ್ಣದ ಚೂಡಿದಾರ್ ಹಾಕುತ್ತಿದ್ದೆ. ಅಂಗಳದಲ್ಲಿ ಮಗುವಿನ ಪಕ್ಕ ಕೂತು ಊಟ ತಿನ್ನಿಸುವಾಗ ಬಿಳಿ ಅಡ್ಡ ಬರುತ್ತದೆ. ಇನ್ನು, ಮದುವೆಯಾದ ಹುಡುಗಿ ಬಿಳಿ ಉಡಬಾರದು ಅಂತ ಮನೆಯ ಹಿರಿಯರು ಹೇಳಿದರೆ ಜಗಳ ಮಾಡಬೇಡ. ಒಂದು ಸಲ ವಾರ್ಡಿಗೆ ಕರೆದುಕೊಂಡು ಹೋಗಿ ತೋರಿಸು. ನನ್ನ ಅತ್ತೆ ಒಪ್ಪಿದ್ದು ಹಾಗೆಯೇ.

ಒಗೆಯುವ ವಿಷಯ ಮರೆಯಬೇಡ, ಬಿಳಿಯ ಪುಣ್ಯ ಇರುವುದೇ ಅದರಲ್ಲಿ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆಸ್ಪತ್ರೆಯ ಬಟ್ಟೆಗಳ ಮೇಲೆ ಹಾಕಿದ ರೋಗಾಣುಗಳು ಕಡಿಮೆ ಅಂದರೂ ಒಂದು ದಿನ ಬದುಕಿದ್ದವು, ಕೆಲವು ತಿಂಗಳುಗಟ್ಟಲೆ. ಹಾಗಾಗಿ ಡ್ಯೂಟಿ ಬಟ್ಟೆಯಲ್ಲಿ ಬಸ್ಸು ಹತ್ತಬೇಡ, ಆಸ್ಪತ್ರೆಯಲ್ಲೇ ಬದಲಿಸು. ಮನೆ ಬಟ್ಟೆಯ ಜೊತೆ ಬೆರೆಸದೆ ಬೇರೆಯೇ ಒಗೆ. 60 ಡಿಗ್ರಿ ಬಿಸಿಯಲ್ಲಿ 10 ನಿಮಿಷ ಒಗೆದರೆ ಹೆಚ್ಚುಕಡಿಮೆ ಎಲ್ಲ ರೋಗಾಣು ಹೋಗುತ್ತವೆ. ಮೆಷಿನ್ ಇಲ್ಲದಿದ್ದರೆ ಬಚ್ಚಲ ಹಂಡೆಯ ಕುದಿಯುವ ನೀರು ಇದೆಯಲ್ಲ. ಆದರೆ ರಕ್ತದ ಕಲೆಗೆ ಮೊದಲು ತಣ್ಣೀರು, ಬಿಸಿ ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ. ಬೆಟಡಿನ್ ಕಲೆಗೆ ವಿಟಮಿನ್ ಸಿ ಮಾತ್ರೆ ಪುಡಿಮಾಡಿ ನೀರಲ್ಲಿ ಕದಡಿ ಹಚ್ಚು, ಕಣ್ಣೆದುರೇ ಮಾಯ ಆಗುತ್ತದೆ. ನಮ್ಮ ಕೆಂಪುಕಲ್ಲಿನ ಊರಲ್ಲಿ ಕೆಲವು ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅಂಥ ನೀರಿಗೆ ಬ್ಲೀಚ್ ಹಾಕಿದರೆ ಬಟ್ಟೆ ಇನ್ನೂ ಹಳದಿಯಾಗುತ್ತದೆ. ಬದಲಿಗೆ ಕೊನೆಯ ನೀರಿಗೆ ನಾಲ್ಕು ಹನಿ ಉಜಾಲ ಸಾಕು. ಆಟಿಯ ಮಳೆಗೆ ಬಟ್ಟೆ ಒಣಗದೆ ಬೂಸು ಹಿಡಿಯುತ್ತದೆ, ಮೂರು ಜೊತೆಯಾದರೂ ಇಟ್ಟುಕೋ. ಆರಿದ ಮೇಲೆ ಬಿಸಿ ಇಸ್ತ್ರಿ ತಪ್ಪಿಸಬೇಡ.

ನಿನ್ನ ಕ್ಯಾಪನ್ನು ಎಸೆಯಬೇಡ. ಮೇ 12ರ ನರ್ಸುಗಳ ದಿನಕ್ಕೆ ಹಾಕಿಕೋ, ಫೋಟೋ ತೆಗೆಸಿಕೋ. ಎತ್ತಿಡುವ ಮೊದಲು ಗಂಜಿ ಪೂರ್ತಿ ಹೋಗುವ ಹಾಗೆ ತೊಳೆದು, ಮಡಚದೆ, ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಡು. ನಾನು ಗಂಜಿ ಸಮೇತ ಇಟ್ಟಿದ್ದೆ. ಎರಡು ಮಳೆಗಾಲ ಕಳೆದು ಪೆಟ್ಟಿಗೆ ತೆರೆದಾಗ ಜಿರಳೆ ತಿಂದು ಅಂಚು ಮಾತ್ರ ಉಳಿದಿತ್ತು. ಆ ಅಂಚು ಈಗಲೂ ನನ್ನ ಹತ್ತಿರ ಇದೆ.