ವರದಿ ಕೈಗೆ ಬಂದರೆ ಮೊದಲು ತಿಂಗಳು ನೋಡಿ

ಕರಾವಳಿಯಲ್ಲಿ ಬಂದರೋ ರೆಸಾರ್ಟೋ ಬರುತ್ತದೆ ಅಂದರೆ ಅದರ ಜೊತೆ ದಪ್ಪನೆಯ ಪರಿಸರ ಪರಿಣಾಮ ವರದಿಯೂ ಬರುತ್ತದೆ. ಇಂಥ ವರದಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ನಾನು ಮೊದಲು ಹುಡುಕುವುದು ಒಂದೇ: ನೀರು, ಮರಳು, ಮೀನಿನ ಮಾಹಿತಿ ಯಾವ ತಿಂಗಳಲ್ಲಿ ತೆಗೆದದ್ದು?

ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನ, ಮೂರು ತಿಂಗಳ ಮಾಹಿತಿ ಇರುತ್ತದೆ. ಈ ರೂಢಿ ಸುಮ್ನೆ ಬಂದದ್ದಲ್ಲ. ಮಳೆ ಬಿದ್ದರೆ ಧೂಳು ತೊಳೆದುಹೋಗಿ ಗಾಳಿ ಚೊಕ್ಕವಾಗಿ ಕಾಣುತ್ತದೆ, ಹಾಗಾಗಿ ಗಾಳಿ ಅಳೆಯಲು ಒಣ ತಿಂಗಳೇ ಸರಿ. ಒಳನಾಡಿನ ಸಿಮೆಂಟ್ ಕಾರ್ಖಾನೆಗೆ ಇದು ಒಪ್ಪುತ್ತದೆ. ಕಡಲಿಗೆ ಒಪ್ಪುವುದಿಲ್ಲ.

ನಮ್ಮ ಕಡಲು ಜನವರಿಯಲ್ಲಿ ಕೆರೆಯ ಹಾಗಿರುತ್ತದೆ. ನಿಜವಾದ ಆಟವೆಲ್ಲ ಜೂನ್‌ನಿಂದ ಸೆಪ್ಟೆಂಬರ್ ನಡುವೆ. ದಂಡೆಯ ಮರಳನ್ನು ಅಲೆ ಎಳೆದುಕೊಂಡು ಹೋಗುವುದು, ಹೊಳೆ ಕಡಲು ಸೇರುವ ಅಳಿವೆಬಾಗಿಲು ಜಾಗ ಬದಲಿಸುವುದು, ಹೊಳೆಯ ಕೆಸರುನೀರು ಕಡಲಲ್ಲಿ ಹರಡುವುದು ಎಲ್ಲ ಆಗಲೇ. ಮಳೆ ಮುಗಿದ ಮೇಲೆ ಮರಳು ನಿಧಾನವಾಗಿ ವಾಪಸ್ ಬರುತ್ತದೆ. ಫೆಬ್ರವರಿಯಲ್ಲಿ ಅಳೆದವರಿಗೆ ದಂಡೆ ಬೆಳೆಯುತ್ತಿರುವುದು ಮಾತ್ರ ಕಾಣುತ್ತದೆ. ದಂಡೆಗುಂಟ ಮರಳು ಸಾಗುವ ದಿಕ್ಕೂ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಅದಕ್ಕೆ ಅಡ್ಡವಾಗಿ ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲಿನ ಒಡ್ಡು) ಹಾಕುವವರು ವರ್ಷವಿಡೀ ಲೆಕ್ಕ ಕೊಡಬೇಕು. ನೇತ್ರಾವತಿ–ಗುರುಪುರ ಅಳಿವೆಗೆ ಬ್ರೇಕ್‌ವಾಟರ್ ಬಂದ ಮೇಲೆ ಅದರ ದಕ್ಷಿಣಕ್ಕಿರುವ ಉಳ್ಳಾಲದ ಕಡಲ್ಕೊರೆತ ದೊಡ್ಡ ಸುದ್ದಿಯಾಯಿತು. ಎಷ್ಟೋ ಕಲ್ಲು ಸುರಿದರು. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಕಡಲೊಳಗೆ ಕೃತಕ ದಿಬ್ಬ ಕಟ್ಟಬೇಕಾಯಿತು.

ಮೀನಿನ ಲೆಕ್ಕದಲ್ಲೂ ಇದೇ ಕತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಹೊತ್ತಿನಲ್ಲಿ ದಂಡೆಯ ಹತ್ತಿರ ಬಲೆ ಬೀಸುವುದು ನಾಡದೋಣಿಯವರು. ಬೇಸಿಗೆಯಲ್ಲಿ ಬಂದರಿಗೆ ಹೋಗಿ ಟನ್ ಲೆಕ್ಕ ಬರೆದುಕೊಂಡು ಬಂದರೆ ಇವರು ವರದಿಯಲ್ಲಿ ಇರುವುದೇ ಇಲ್ಲ. ಒಣಮೀನು ಹರಡುವ ಮರಳು ಬಯಲು ನಕ್ಷೆಯಲ್ಲಿ ‘ಖಾಲಿ ಜಾಗ’ ಆಗಿಬಿಡುತ್ತದೆ!

ಕಡಲಾಮೆ ವಿಷಯದಲ್ಲಿ ತಿಂಗಳು ತಿರುಗುಮುರುಗು. ಹೊನ್ನಾವರದ ಕಾಸರಕೋಡಿನಂಥ ದಂಡೆಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುವುದು ಮುಖ್ಯವಾಗಿ ಚಳಿಗಾಲದಲ್ಲಿ. ಮೇ ಕೊನೆಗೆ ಹೋಗಿ ‘ಗೂಡು ಕಾಣಲಿಲ್ಲ’ ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ. ಆಮೆ ಮೊಟ್ಟೆ ಇಡುವ ಜಾಗ ಸಿಆರ್‌ಝಡ್‌ನ (ಕರಾವಳಿ ನಿಯಂತ್ರಣ ವಲಯ) ಅತಿ ಹೆಚ್ಚು ರಕ್ಷಣೆಯ 1ಎ ವಲಯಕ್ಕೆ ಸೇರುತ್ತದೆ. ಅಂದರೆ ಈ ಒಂದು ಸಾಲಿನ ಮೇಲೆ ಇಡೀ ಯೋಜನೆ ನಿಂತಿರಬಹುದು.

ಹೊಳೆದಂಡೆಯ ಗಡಿ ಗುರುತಿಸುವಾಗಲೂ ಒಣ ತಿಂಗಳೇ ಬೇಕು. ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರುವವರೆಗೂ ಹೊಳೆಯ ದಡ ಸಿಆರ್‌ಝಡ್ ವ್ಯಾಪ್ತಿಯಲ್ಲಿ. ಇದನ್ನು ವರ್ಷದ ಅತ್ಯಂತ ಒಣ ಕಾಲದಲ್ಲಿ ಅಳೆಯಬೇಕು ಅನ್ನುತ್ತದೆ ನಿಯಮ. ಆಗಸ್ಟ್‌ನಲ್ಲಿ ಅಳೆದರೆ ಸಿಹಿನೀರು ಉಪ್ಪನ್ನು ಕೆಳಕ್ಕೆ ತಳ್ಳಿರುತ್ತದೆ. ಗಡಿಯೂ ಕೆಳಗಿಳಿಯುತ್ತದೆ. 2011ರ ಸಿಆರ್‌ಝಡ್ ಅಧಿಸೂಚನೆಯಲ್ಲಿ ಹೊಳೆದಂಡೆಗೆ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಇತ್ತು. 2019ರಲ್ಲಿ ಆ 100 ಮೀಟರ್ 50ಕ್ಕೆ ಇಳಿಯಿತು. ನನಗೆ ಕೇಳಿದರೆ, ಅಘನಾಶಿನಿಯಂಥ ಹೊಳೆಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ), ಕಾಂಡ್ಲಾ ಕಾಡು, ಬಳಚು (ಚಿಪ್ಪುಮೀನು) ಇರುವ ಕಡೆ ಇದು ಸಾಲದು.

ಇದನ್ನೆಲ್ಲ ಕೇಳಲು ತಜ್ಞರೇ ಆಗಬೇಕೆಂದಿಲ್ಲ. ಸಾರ್ವಜನಿಕ ಅಹವಾಲು ಸಭೆ ಇದ್ದರೆ 30 ದಿನ ಮೊದಲೇ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಆದರೆ ಸಾರಾಂಶದಲ್ಲಿ ತಿಂಗಳ ವಿವರ ಬಹಳ ಸಲ ಇರುವುದಿಲ್ಲ, ಪೂರ್ತಿ ವರದಿ ತರಿಸಿ ನೋಡಿ. ಅದು ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯ್ತಿಯಲ್ಲಿ ಇರಬೇಕು. ಪ್ರಶ್ನೆಯನ್ನು ಬರೆದೇ ಕೊಡಿ. ಸಭೆಯಲ್ಲಿ ಎದ್ದ ಆಕ್ಷೇಪಗಳಿಗೆ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಬರೆಯಲೇಬೇಕು. ‘ಮಳೆಗಾಲದ ದಂಡೆಯ ಅಳತೆ ಯಾವ ಪುಟದಲ್ಲಿದೆ?’ ಅಂತ ಕೇಳಿದರೆ ಸಾಕು.