ಬಿಳಿಯೊಳಗೆ ಅಡಗುವ ಬಿಳಿ

ಸ್ತನದ ಎಕ್ಸ್‌ರೇ ಚಿತ್ರವಾದ ಮ್ಯಾಮೊಗ್ರಾಂನಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಹಾಲಿನ ಗ್ರಂಥಿ ಮತ್ತು ನಾರಿನ ಅಂಗಾಂಶ ಬೆಳ್ಳಗೆ. ಕ್ಯಾನ್ಸರ್ ಗಡ್ಡೆಯೂ ಬೆಳ್ಳಗೇ, ತೊಡಕಿರುವುದು ಅಲ್ಲೇ. ಕೊಬ್ಬಿನ ನಡುವೆ ಎದ್ದು ಕಾಣುವ ಒಂದು ಸೆಂಟಿಮೀಟರಿನ ಗಡ್ಡೆ, ದಟ್ಟ ಗ್ರಂಥಿಯ ನಡುವೆ ಇದ್ದೂ ಇಲ್ಲದಂತಾಗುತ್ತದೆ. ಸಾಲದ್ದಕ್ಕೆ, ಸಾಂದ್ರತೆ, ಅಂದರೆ ಈ ಬಿಳಿ ಅಂಗಾಂಶದ ಪಾಲು, ಹೆಚ್ಚಿದ್ದವರಿಗೆ ಕ್ಯಾನ್ಸರ್ ಬರುವ ಸಂಭವವೂ ಹೆಚ್ಚು. ಕೈಯಿಂದ ಮುಟ್ಟಿ ಸಾಂದ್ರತೆಯನ್ನು ತಿಳಿಯಲಾಗದು. ಮುಟ್ಟಿದರೆ ಗಟ್ಟಿ ಎನಿಸುವ ಸ್ತನ ಸಾಂದ್ರವೇ ಆಗಿರಬೇಕೆಂದಿಲ್ಲ.

ರೇಡಿಯಾಲಜಿಸ್ಟರು ಕಣ್ಣಳತೆಯಲ್ಲೇ ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ ಕೊಡುತ್ತಾರೆ. ಸಿ ಮತ್ತು ಡಿ ಎಂದರೆ ಸಾಂದ್ರ. ಮೊದಲು ಇದಕ್ಕೆ ಶೇಕಡಾ ಲೆಕ್ಕವಿತ್ತು. ಸ್ತನದ ಚಿತ್ರಗಳ ವರದಿಗೆ ವೈದ್ಯರು ಬಳಸುವ ಮಾನದಂಡವಾದ ಬೈರಾಡ್ಸ್‌ನ 2013ರ ಆವೃತ್ತಿ ಅದನ್ನು ಕೈಬಿಟ್ಟಿತು. ಒಟ್ಟಾರೆ ಪ್ರಮಾಣ ಕಡಿಮೆಯಿದ್ದರೂ ಒಂದೇ ಕಡೆ ಗುಂಪುಗೂಡಿದ ಗ್ರಂಥಿ ಗಡ್ಡೆಯನ್ನು ಮುಚ್ಚಬಲ್ಲದು ಎಂಬುದೇ ಕಾರಣ. ಸರಿಯಾದ ನಿರ್ಧಾರವೇ. ಆದರೆ ಬಿ-ಸಿ ಗಡಿಯಲ್ಲಿರುವ ಚಿತ್ರಕ್ಕೆ ಇಬ್ಬರು ವೈದ್ಯರು ಎರಡು ಅಕ್ಷರ ಕೊಡುವುದು ಇಂದಿಗೂ ಮಾಮೂಲು.

ಆದ್ದರಿಂದಲೇ ಸಾಫ್ಟ್‌ವೇರ್ ಬಂತು. ಅದು ಬರೀ ಕೊಬ್ಬಿರುವ ಜಾಗವೊಂದನ್ನು ಆಧಾರವಾಗಿ ಹಿಡಿದು, ಉಳಿದ ಪ್ರತಿ ಬಿಂದುವಿನಲ್ಲಿ ಅಂಗಾಂಶ ಎಕ್ಸ್‌ರೇಯನ್ನು ಎಷ್ಟು ಹೆಚ್ಚು ಹೀರಿಕೊಂಡಿದೆ ಎಂದು ನೋಡುತ್ತದೆ. ಒತ್ತಿಹಿಡಿದ ಸ್ತನದ ದಪ್ಪವನ್ನು ಯಂತ್ರವೇ ತಿಳಿಸುತ್ತದೆ. ಇವೆರಡರಿಂದ ಗ್ರಂಥಿಯ ಗಾತ್ರ ಸಿಗುತ್ತದೆ. ಒತ್ತುವ ಫಲಕ ವಾಲಿದ್ದರೆ ದಪ್ಪದ ಲೆಕ್ಕ ತಪ್ಪುತ್ತದೆ, ಅದರ ಹಿಂದೆಯೇ ಸಾಂದ್ರತೆಯದ್ದೂ. ಇನ್ನೊಂದು ಎಡವಟ್ಟು: ಈ ಲೆಕ್ಕಕ್ಕೆ ಸಾಮಾನ್ಯವಾಗಿ ಸಂಸ್ಕರಿಸದ ಮೂಲ ಚಿತ್ರ ಬೇಕು. ಜಾಗ ಉಳಿಸಲೆಂದು ಅದನ್ನು ಅಳಿಸಿ, ನೋಡಲು ತಿದ್ದಿದ ಪ್ರತಿಯನ್ನಷ್ಟೇ ಇಟ್ಟುಕೊಂಡಿದ್ದರೆ ಹಳೆಯದರೊಡನೆ ಹೋಲಿಸುವ ದಾರಿಯೇ ಮುಚ್ಚಿದಂತೆ.

ಅಳೆದು ಮಾಡುವುದೇನು? ನೆದರ್ಲೆಂಡ್ಸ್‌ನ ‘ಡೆನ್ಸ್’ ಪ್ರಯೋಗ (2019) ಇದಕ್ಕೆ ಉತ್ತರ ಕೊಟ್ಟಿತು. ಮ್ಯಾಮೊಗ್ರಾಂ ಸರಿಯಿದ್ದ, ಆದರೆ ಸ್ತನ ಅತಿ ಸಾಂದ್ರವಾಗಿದ್ದ 50ರಿಂದ 75 ವಯಸ್ಸಿನ 40,000ಕ್ಕೂ ಹೆಚ್ಚು ಮಹಿಳೆಯರಲ್ಲಿ ಒಂದು ಗುಂಪನ್ನು ಎಂಆರ್‌ಐಗೆ ಕರೆದರು. ಎರಡು ತಪಾಸಣೆಗಳ ನಡುವೆ ಕಾಣಿಸಿಕೊಳ್ಳುವ ಕ್ಯಾನ್ಸರ್ ಸಾವಿರಕ್ಕೆ 5ರಿಂದ 2.5ಕ್ಕೆ ಇಳಿಯಿತು. ಅದಕ್ಕೆ ತೆತ್ತ ಬೆಲೆಯೂ ಇದೆ: ಮೊದಲ ಸುತ್ತಿನಲ್ಲಿ ಎಂಆರ್‌ಐ ಮಾಡಿಸಿಕೊಂಡ ಸಾವಿರದಲ್ಲಿ ಸುಮಾರು 80 ಮಂದಿಗೆ ಸುಳ್ಳು ಎಚ್ಚರಿಕೆ ಬಂತು.

ಅಮೆರಿಕದಲ್ಲಿ 2024ರ ಸೆಪ್ಟೆಂಬರ್ 10ರಿಂದ, ಸ್ತನ ಸಾಂದ್ರವೋ ಅಲ್ಲವೋ ಎಂಬುದನ್ನು ಪ್ರತಿ ಮಹಿಳೆಗೂ ಬರೆದು ತಿಳಿಸುವುದು ಕಡ್ಡಾಯ. ಮುಂದಿನ ಪರೀಕ್ಷೆಗೆ ದಾರಿ ತೋರದೆ ಅಷ್ಟನ್ನೇ ತಿಳಿಸಿದರೆ ಆತಂಕ ಹಂಚಿದಂತೆ, ಅಷ್ಟೇ.

ಕಳೆದ ಬಾರಿ ಸಿ ಇದ್ದದ್ದು ಈ ಬಾರಿ ಬಿ ಆದರೆ ಅಪಾಯ ಇಳಿಯಿತೆಂದು ಹಿಗ್ಗಬೇಕಿಲ್ಲ. ಓದಿದ ವೈದ್ಯರು ಬೇರೆಯಿರಬಹುದು, ತೂಕ ಏರಿ ಕೊಬ್ಬು ಹೆಚ್ಚಿರಬಹುದು. ಇನ್ನು ಕೈಗೆ ಹೊಸ ಗಂಟು ಸಿಕ್ಕಿದೆ, ಮ್ಯಾಮೊಗ್ರಾಂ ‘ಏನೂ ಇಲ್ಲ’ ಎನ್ನುತ್ತಿದೆ ಎಂದರೆ ಅಲ್ಟ್ರಾಸೌಂಡ್ ಬಿಡುವಂತಿಲ್ಲ, ದರ್ಜೆ ಡಿ ಇದ್ದಾಗಲಂತೂ.