ಪರಮಪ್ರಸಾದ

ಕ್ರಿಸ್ಮಸ್ ಮುಗಿದ ಮೇಲೆ ಬರುವ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ: ‘ಬಲಿಪೂಜೆಯ ನಂತರ ನೆರೆದಿದ್ದ ಎಲ್ಲರಿಗೂ ಪರಮಪ್ರಸಾದ ವಿತರಿಸಲಾಯಿತು.’ ಎಲ್ಲರಿಗೂ ಹಂಚಿದ್ದು ಕೇಕು ಮಾರಾಯ್ರೆ. ಬಲಿಪೂಜೆ ಎಂದರೆ ಕ್ಯಾಥೊಲಿಕರ ‘ಮಾಸ್’, ಪರಮಪ್ರಸಾದ ಎಂದರೆ ಅಲ್ಲಿ ಕ್ರಿಸ್ತನ ಶರೀರವೆಂದು ಕೊಡುವ ರೊಟ್ಟಿ. ಅದನ್ನು ಕೊಡುವುದು ಬಲಿಪೂಜೆಯ ನಂತರವಲ್ಲ, ಅದರ ನಡುವೆಯೇ, ಎಲ್ಲರಿಗೂ ಕೊಡುವುದಿಲ್ಲ, ‘ವಿತರಿಸುವುದು’ ಪಡಿತರದ ಭಾಷೆ. ಇಷ್ಟನ್ನು ವರ್ಷವರ್ಷವೂ ಓದಿ ಸುಮ್ಮನಿದ್ದೆ. ಈ ಸಲ ಶಿವಮೊಗ್ಗದ ಸಿಎಸ್‌ಐ ಸಭೆಯೊಂದರ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟರದು) ಆರಾಧನೆಯ ಫೋಟೊ ಕೆಳಗೂ ‘ಬಲಿಪೂಜೆ, ಪರಮಪ್ರಸಾದ’ ಎಂದೇ ಅಚ್ಚಾಗಿತ್ತು. ಕ್ಯಾಥೊಲಿಕರೂ ಪ್ರೊಟೆಸ್ಟಂಟರೂ ಬೇರೆಯಾದ ಕಾರಣಗಳಲ್ಲಿ ಅರ್ಧದಷ್ಟು ಆ ಎರಡು ಪದಗಳ ಒಳಗೇ ಇವೆ. ಅವನ್ನು ಒಯ್ದು ಪ್ರೊಟೆಸ್ಟಂಟರ ತಲೆಗೆ ಕಟ್ಟಿದರೆ ಏನು ಹೇಳೋಣ.

‘ಪ್ರಸಾದ’ದಿಂದ ಶುರು ಮಾಡಬೇಕು. ತಿನ್ನುವ ವಸ್ತು ಎಂಬುದು ಆ ಪದಕ್ಕೆ ಕೊನೆಗೆ ಬಂದ ಅರ್ಥ. ‘ಸದ್’ ಧಾತುವಿಗೆ ‘ಪ್ರ’ ಸೇರಿ ಆದದ್ದು. ‘ಪ್ರಸನ್ನ’ ಅದರ ಒಡಹುಟ್ಟು. ಕದಡಿದ ನೀರು ತಿಳಿಯಾಗುವುದು ಪ್ರಸಾದ. ಪದ್ಯ ಓದಿದೊಡನೆ ಅರ್ಥ ಹೊಳೆದರೆ ಅಲಂಕಾರಶಾಸ್ತ್ರದವರು ಪ್ರಸಾದಗುಣ ಅಂದರು. ದೊಡ್ಡವರ ಮನಸ್ಸು ತಿಳಿಗೊಂಡು ನಮ್ಮ ಕಡೆ ಒಲಿದರೆ ಅದೂ ಪ್ರಸಾದವೇ. ದೇವರು ಒಲಿದದ್ದರ ಗುರುತಾಗಿ ಕೈಗೆ ಬಂದ ಹೂವು, ತೀರ್ಥ, ಪಂಚಕಜ್ಜಾಯಕ್ಕೆ ಆ ಹೆಸರು ಅಂಟಿದ್ದು ಆಮೇಲೆ. ಅಲ್ಲಮನ ಬಳ್ಳಿಗಾವಿಯನ್ನೂ ಅಕ್ಕನ ಉಡುತಡಿಯನ್ನೂ ತಮ್ಮದೆನ್ನುವ ಶಿಕಾರಿಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಷಟ್‌ಸ್ಥಲದಲ್ಲಿ ಭಕ್ತ, ಮಹೇಶರ ನಂತರದ ಮೆಟ್ಟಿಲೇ ಪ್ರಸಾದಿ. ಅಷ್ಟಾವರಣದಲ್ಲೂ ಪ್ರಸಾದ ಒಂದು. ಅಲ್ಲೆಲ್ಲ ಮಾತು ಊಟದ್ದಷ್ಟೇ ಆಗಿರಲಿಲ್ಲ. (ಲಾಠಿ ಪ್ರಸಾದದ ವ್ಯುತ್ಪತ್ತಿ ಇಲ್ಲಿ ಬೇಡ.)

ಇತ್ತ ಕ್ರೈಸ್ತರ ಮೂಲ ಪದ ಗ್ರೀಕಿನ ‘ಯೂಖರಿಸ್ತಿಯ’. ನೇರ ಅರ್ಥ ಕೃತಜ್ಞತೆ ಸಲ್ಲಿಸುವುದು. ಆದರೆ ಅದರ ಹೊಟ್ಟೆಯೊಳಗಿರುವ ‘ಖಾರಿಸ್’ ಎಂದರೆ ಕೃಪೆ, ಒಲವು. ತಮಿಳು ಕ್ಯಾಥೊಲಿಕರು ‘ನರ್ಕರುಣೈ’ ಅಂದರು, ತೆಲುಗಿನವರು ‘ಸತ್ಪ್ರಸಾದಂ’, ನಮ್ಮವರು ‘ಪರಮಪ್ರಸಾದ’. ಹೀಗೆ ಹೆಸರಿಟ್ಟವರು ಯಾರೇ ಇರಲಿ, ಪದದ ನಾಡಿ ಬಲ್ಲವರು. ಯಾಕೆಂದರೆ ದೇವರ ಕೃಪೆಗೂ ಕನ್ನಡ ಕ್ಯಾಥೊಲಿಕರು ‘ವರಪ್ರಸಾದ’ ಎನ್ನುತ್ತಾರೆ. ಕೃಪೆ ವರಪ್ರಸಾದ, ಪೀಠದ ಮೇಲಿನ ರೊಟ್ಟಿ ಪರಮಪ್ರಸಾದ. ಒಂದೇ ಬೇರಿನ ಎರಡು ಕವಲು. ಕನ್ನಡ ಪ್ರೊಟೆಸ್ಟಂಟರಲ್ಲಿ ಅದು ‘ಕೃಪೆ’, ಇದು ‘ಕರ್ತನ ಭೋಜನ’. ಎರಡಕ್ಕೂ ಹೆಸರಿನಲ್ಲಿ ನೆಂಟಸ್ತಿಕೆಯೇ ಇಲ್ಲ. ಈ ವ್ಯತ್ಯಾಸವನ್ನು ಬರೀ ರೂಢಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಂಸ್ಕಾರ (ಸ್ಯಾಕ್ರಮೆಂಟ್, ಪರಮಪ್ರಸಾದದಂಥ ಪವಿತ್ರ ವಿಧಿ) ತಾನೇ ಕೃಪೆಯನ್ನು ಹೊತ್ತು ತರುತ್ತದೆ ಎಂಬುದು ಕ್ಯಾಥೊಲಿಕ್ ಬೋಧನೆ. ಕೃಪೆ ವಾಗ್ದಾನದಿಂದ ಬರುತ್ತದೆ, ನಂಬಿಕೆ ಅದನ್ನು ಪಡೆಯುತ್ತದೆ, ಭೋಜನ ಆ ವಾಗ್ದಾನಕ್ಕೆ ಹಾಕಿದ ಮುದ್ರೆ ಎಂಬ ಕಡೆಗೆ ಹೆಚ್ಚಿನ ಪ್ರೊಟೆಸ್ಟಂಟರು ವಾಲುತ್ತಾರೆ. ವಿಗ್ರಹಕ್ಕೆ ಎಡೆ ಇಟ್ಟದ್ದರ ನೆನಪು ತರುವ ‘ಪ್ರಸಾದ’ ಎಂಬ ಪದದ ಬಗ್ಗೆಯೇ ಅವರಲ್ಲಿ ಅನೇಕರಿಗೆ ಅಳುಕೂ ಇದೆ. ಇನ್ನು ಕೊಪ್ಪ, ಬಾಳೆಹೊನ್ನೂರು, ತೀರ್ಥಹಳ್ಳಿ ಕಡೆಯ ಕೊಂಕಣಿ ಮಾತಿನ ಕ್ಯಾಥೊಲಿಕರಿಗೆ ಈ ರಗಳೆಯೇ ಇಲ್ಲ. ಅವರು ಪೋರ್ಚುಗೀಸರಿಂದ ಬಂದ ಪದ ಹಿಡಿದು ಪರಮಪ್ರಸಾದಕ್ಕೆ ‘ಕುಮ್ಗಾರ್’, ಬಲಿಪೂಜೆಗೆ ‘ಮೀಸ್’ ಎಂದು ಮುಗಿಸಿಬಿಡುತ್ತಾರೆ.

‘ಪ್ರಸಾದ’ ಎಂದು ಕೇಳಿದ ಮಲೆನಾಡಿನ ಮನಸ್ಸಿಗೆ ಮೊದಲು ಬರುವುದು ಸಿಗಂದೂರು, ಹೊರನಾಡು. ಅಲ್ಲಿ ಯಾರೂ ನಿನ್ನ ಜಾತಕ ಕೇಳುವುದಿಲ್ಲ. ಕೈಯೊಡ್ಡಿದರೆ ಸಿಗುತ್ತದೆ, ಮನೆಯಲ್ಲಿರುವವರಿಗೂ ಕಟ್ಟಿಸಿಕೊಂಡು ಬರಬಹುದು. ಆ ಅಭ್ಯಾಸವನ್ನೇ ಇಗರ್ಜಿಯೊಳಗೂ ಒಯ್ದರೆ ಪೇಚಾಟ. ಕ್ರಿಸ್ಮಸ್ ರಾತ್ರಿ ಪೂಜೆಗೆ ನಮ್ಮ ಜೊತೆ ಬಂದಿದ್ದ ಒಬ್ಬರು, ಸಾಲು ಹೊರಟದ್ದು ನೋಡಿ ತಾವೂ ನಿಂತರು. ಸ್ವಾಮಿಗಳು ‘ಕ್ರಿಸ್ತನ ಶರೀರ’ ಎಂದಾಗ ‘ಆಮೆನ್’ ಅನ್ನಬೇಕೆಂದು ಗೊತ್ತಿಲ್ಲದೆ ‘ಥ್ಯಾಂಕ್ಯೂ ಫಾದರ್’ ಅಂದರು. ಎರಡು ರೂಪಾಯಿ ನಾಣ್ಯಕ್ಕಿಂತ ತುಸು ಅಗಲದ, ತೆಳ್ಳಗೆ ಬಿಳಿಯ ಓಸ್ತಿ, ಅಂದರೆ ಪರಮಪ್ರಸಾದದ ರೊಟ್ಟಿ. ಅದನ್ನು ಕಣ್ಣಿಗೊತ್ತಿಕೊಂಡು, ಕರವಸ್ತ್ರದಲ್ಲಿ ಮಡಚಿ ಜೇಬಿಗಿಟ್ಟರು. ಪೀಠದ ಬಳಿ ನಿಂತಿದ್ದ ಹುಡುಗ ಓಡಿಬಂದು, ‘ಅಣ್ಣ, ಇಲ್ಲೇ ಬಾಯಿಗೆ ಹಾಕ್ಕೊಳಿ, ಇಲ್ಲಾಂದ್ರೆ ವಾಪಸ್ ಕೊಡಿ’ ಎಂದ. ‘ಅಮ್ಮನಿಗೆ ಅಂತ ಇಟ್ಕೊಂಡೆ ಕಣಪ್ಪ’ ಎಂದು ಇವರು. ಇಬ್ಬರದ್ದೂ ಭಕ್ತಿಯೇ. ತಪ್ಪು ಪದದ್ದು, ಅಥವಾ ಪದವನ್ನು ಬಿಡಿಸಿ ಹೇಳದವರದ್ದು.

ಆ ಹುಡುಗನಿಗೆ ಗಾಬರಿ ಯಾಕೆ? ಆ ಓಸ್ತಿ ಈಗ ಗೋಧಿ ರೊಟ್ಟಿಯಲ್ಲ, ಕ್ರಿಸ್ತನೇ ಎಂದು ಅವನ ಸಭೆ ನಂಬುತ್ತದೆ. ಬಣ್ಣ, ರುಚಿ, ತೂಕ ಎಲ್ಲ ರೊಟ್ಟಿಯದೇ. ತಿರುಳು ಮಾತ್ರ ಬದಲಾಗಿದೆ. ಕ್ಯಾಥೊಲಿಕ್ ಬಿಷಪರು ಕೂಡಿದ 1215ರ ಲ್ಯಾಟರನ್ ಮಹಾಸಭೆ ಈ ಮಾರ್ಪಾಟಿನ ಮಾತಾಡಿತು, 1551ರಲ್ಲಿ ಟ್ರೆಂಟ್ ಮಹಾಸಭೆ ಅದನ್ನೇ ಗಟ್ಟಿ ಮಾಡಿತು. ಹಾಗಾಗಿಯೇ ಉಳಿದ ಓಸ್ತಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ, ಹತ್ತಿರ ಒಂದು ದೀಪ ಸದಾ ಉರಿಯುತ್ತದೆ. ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯದೊಳಗೆ ಹೋದ ಕ್ಯಾಥೊಲಿಕರು ಮೊಣಕಾಲೂರುವುದು ಆ ಪೆಟ್ಟಿಗೆಗೆ, ಕಟ್ಟಡದ ಅಂದಕ್ಕಲ್ಲ. ಸ್ವೀಕರಿಸುವವರು ಕ್ಯಾಥೊಲಿಕರಾಗಿರಬೇಕು, ಘೋರ ಪಾಪ ಮನಸ್ಸಿನಲ್ಲಿದ್ದರೆ ಮೊದಲು ಪಾಪನಿವೇದನೆ ಆಗಬೇಕು, ಒಂದು ಗಂಟೆಯ ಉಪವಾಸ ಬೇರೆ. ಸಾಮಾನ್ಯ ಸಂದರ್ಭದಲ್ಲಿ ಪ್ರೊಟೆಸ್ಟಂಟ್ ಬಂಧುವಿಗೂ ಇಲ್ಲ. ‘ಎಲ್ಲರಿಗೂ ವಿತರಿಸಲಾಯಿತು’ ಎಂದು ಬರೆದವರು ಆ ಸ್ವಾಮಿಗಳ ಮೇಲೆ ದೂರು ಬರೆದ ಹಾಗಾಯಿತು.

ಇನ್ನೊಂದು ತುದಿಯ ತಪ್ಪು: ‘ಪ್ರೊಟೆಸ್ಟಂಟರಿಗೆ ಅದು ಬರೀ ಸಂಕೇತ.’ ಯಾವ ಪ್ರೊಟೆಸ್ಟಂಟರಿಗೆ? 1529ರ ಅಕ್ಟೋಬರಿನಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಪ್ರೊಟೆಸ್ಟಂಟರ ಮೊದಲ ಮುಂದಾಳುಗಳಾದ ಲೂಥರ್ ಮತ್ತು ಜ್ವಿಂಗ್ಲಿ ಎದುರುಬದುರು ಕೂತರು. ಲೂಥರ್ ಸೀಮೆಸುಣ್ಣ ತೆಗೆದು ಕೊನೆಯ ಭೋಜನದಲ್ಲಿ ಯೇಸು ರೊಟ್ಟಿ ಹಿಡಿದು ಹೇಳಿದ ‘ಇದು ನನ್ನ ದೇಹ’ ಎಂಬ ಮಾತನ್ನು ಮೇಜಿನ ಮೇಲೆ ಲ್ಯಾಟಿನ್ನಿನಲ್ಲಿ ಬರೆದು, ಅಲ್ಲಿಂದ ಕದಲಲಿಲ್ಲ. ಜ್ವಿಂಗ್ಲಿ ಆ ವಾಕ್ಯದ ‘ಎಸ್ತ್’ (ಆಗಿದೆ) ಎಂಬ ಕ್ರಿಯಾಪದಕ್ಕೆ ‘ಸೂಚಿಸುತ್ತದೆ’ ಎಂಬ ಅರ್ಥ ಹಿಡಿದರು. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿದವರು ಇದೊಂದರಲ್ಲಿ ಮುರಿದುಕೊಂಡರು. ಕನ್ನಡದ ‘ಇದು ನನ್ನ ದೇಹ’ದಲ್ಲಿ ಅವರು ಜಗಳಾಡಿದ ಕ್ರಿಯಾಪದವೇ ಇಲ್ಲ, ನೋಡಿ. ಇಲ್ಲದಿದ್ದರೂ ಜಗಳ ನಮ್ಮಲ್ಲಿಗೂ ಬಂತು, ಅದು ಬೇರೆ ಮಾತು. ರೊಟ್ಟಿ ರೊಟ್ಟಿಯಾಗಿಯೇ ಉಳಿದು, ಕ್ರಿಸ್ತ ಅದರೊಳಗೆ, ಅದರೊಂದಿಗೆ ಇದ್ದಾನೆ ಎಂದು ಲೂಥರನ್ನರು. ಕ್ರಿಸ್ತ ಪರಲೋಕದಲ್ಲಿ, ಆದರೆ ಪವಿತ್ರಾತ್ಮನ ಮೂಲಕ ನಂಬಿದವರಿಗೆ ನಿಜವಾಗಿಯೇ ಉಣ್ಣಲು ಸಿಗುತ್ತಾನೆ ಎಂದು ಇನ್ನೊಬ್ಬ ಪ್ರೊಟೆಸ್ಟಂಟ್ ಮುಂದಾಳು ಕ್ಯಾಲ್ವಿನ್. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಸಭೆಗಳು ಕೂಡಿ ಆದ ಸಿಎಸ್‌ಐಯ ಒಂದೇ ಬೆಂಚಿನಲ್ಲಿ ಇವುಗಳಲ್ಲಿ ಹಲವು ನಂಬಿಕೆಯವರು ಸಿಗುತ್ತಾರೆ. ಬರೀ ಸಂಕೇತ, ಬರೀ ನೆನಪು ಎಂದು ನೇರವಾಗಿ ಹೇಳುವವರು ಹೆಚ್ಚಾಗಿ ಬ್ಯಾಪ್ಟಿಸ್ಟ್, ಪೆಂಟೆಕೊಸ್ಟಲ್ ಕಡೆಯವರು.

‘ಬಲಿಪೂಜೆ’ಯ ತಕರಾರು ಚಿಕ್ಕದು, ಆದರೆ ಹರಿತ. ಕ್ರಿಸ್ತನ ಬಲಿ ಶಿಲುಬೆಯ ಮೇಲೆ ಒಮ್ಮೆಗೇ ಮುಗಿಯಿತು, ಮತ್ತೆ ಬಲಿ ಎಂಥದ್ದು ಎಂದು ಲೂಥರ್ ಕೇಳಿದರು. ಅದು ಇನ್ನೊಂದು ಬಲಿಯಲ್ಲ, ಅದೇ ಬಲಿ ಇಲ್ಲಿ ಎದುರಿಗೆ ಬರುತ್ತದೆ ಎಂಬುದು ಕ್ಯಾಥೊಲಿಕರ ಉತ್ತರ. ಆದ್ದರಿಂದ ಪ್ರೊಟೆಸ್ಟಂಟ್ ಸಭೆಯ ಬಗ್ಗೆ ಬರೆಯುವಾಗ ‘ಆರಾಧನೆ’ ಅನ್ನಿ, ಕೈ ಸವೆಯುವುದಿಲ್ಲ.

ಇಷ್ಟೇ ಕೆಟ್ಟ ಉಪಯೋಗ ‘ರಕ್ಷಣೆ’ಯದು, ಅಂದರೆ ದೇವರು ಮನುಷ್ಯನನ್ನು ಪಾಪದಿಂದ ಬಿಡಿಸುವುದಕ್ಕೆ ಕ್ರೈಸ್ತರು ಇಟ್ಟ ಹೆಸರಿನದು. ಅದನ್ನು ‘ಮೋಕ್ಷ’ ಎಂದು ಬರೆದು ಪುನರ್ಜನ್ಮದ ಚಕ್ರವನ್ನು ಕ್ರೈಸ್ತರ ಕೊರಳಿಗೆ ಹಾಕುವವರನ್ನು ಬಿಡೋಣ. ಹೆಚ್ಚು ಓಡಾಡುವ ತಪ್ಪು ಇದು: ‘ಕ್ಯಾಥೊಲಿಕರಿಗೆ ಪುಣ್ಯಕಾರ್ಯದಿಂದ ರಕ್ಷಣೆ, ಪ್ರೊಟೆಸ್ಟಂಟರಿಗೆ ನಂಬಿಕೆಯಿಂದ.’ 1547ರಲ್ಲಿ ಟ್ರೆಂಟ್ ಸಭೆ ಈ ವಿಷಯದಲ್ಲಿ ಹೊರಡಿಸಿದ ಮೊದಲ ವಿಧಿಯೇ, ಕ್ರಿಸ್ತನ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ಮನುಷ್ಯ ನೀತಿವಂತನಾಗಬಲ್ಲ ಎನ್ನುವವನನ್ನು ಬಹಿಷ್ಕರಿಸುತ್ತದೆ. ಕೃಪೆ ಬಿಟ್ಟಿ ಎಂಬುದರಲ್ಲಿ ಇಬ್ಬರಿಗೂ ಜಗಳವಿಲ್ಲ. ಜಗಳ, ಆ ಕೃಪೆ ಬಂದು ಏನು ಮಾಡುತ್ತದೆ ಎಂಬುದರಲ್ಲಿ. ಹಳೆಯ ಕನ್ನಡ ಬೈಬಲಿನ ‘ನೀತಿವಂತರೆಂದು ನಿರ್ಣಯ’ ಎಂಬ ಮಾತಿನಲ್ಲಿ ಕೋರ್ಟಿನ ವಾಸನೆಯಿದೆ. ಲೂಥರ್ ಕೇಳಿಸಿಕೊಂಡದ್ದೂ ಅದನ್ನೇ. ಯಾರೋ ಹಣ ಕಟ್ಟಿ ಅಡಿಕೆ ತೋಟವನ್ನು ನಿನ್ನ ಹೆಸರಿಗೆ ಮಾಡಿಸಿದರು, ಪಹಣಿಯಲ್ಲಿ ಹೆಸರು ಬಂತು. ನೀನು ಇನ್ನು ಔಷಧಿ ಹೊಡೆಯುವುದು, ಕೊನೆ ತೆಗೆಯುವುದು ಪಹಣಿಗಾಗಿ ಅಲ್ಲ, ಋಣಕ್ಕಾಗಿ: ಇದು ಲೂಥರನ ದಾರಿ. ಪಹಣಿಯೊಂದಿಗೆ ತೋಟದ ಮಣ್ಣಿಗೂ ಜೀವ ಬರುತ್ತದೆ, ದುಡಿದಂತೆ ಅದು ಬೆಳೆಯುತ್ತದೆ, ಬೇಕೆಂದೇ ಬೆಂಕಿ ಇಟ್ಟರೆ ಕಳೆದುಕೊಳ್ಳಲೂಬಹುದು ಎಂಬುದು ಟ್ರೆಂಟಿನ ದಾರಿ.

ಲೂಥರ್ 1522ರ ಜರ್ಮನ್ ಅನುವಾದದಲ್ಲಿ ರೋಮನ್ನರಿಗೆ ಬರೆದ ಪತ್ರದ 3:28ಕ್ಕೆ, ಮೂಲದಲ್ಲಿಲ್ಲದ ‘ಮಾತ್ರ’ ಸೇರಿಸಿ ‘ನಂಬಿಕೆಯಿಂದ ಮಾತ್ರ’ ಎಂದು ಮಾಡಿದ್ದನ್ನು ಕ್ಯಾಥೊಲಿಕರು ಇಂದಿಗೂ ಎತ್ತಿ ಆಡುತ್ತಾರೆ. ಯಾಕೋಬನ ಪತ್ರದ 2:24 ‘ನಂಬಿಕೆಯಿಂದ ಮಾತ್ರವಲ್ಲ’ ಎನ್ನುತ್ತದಲ್ಲ ಎಂದು. ಜರ್ಮನ್ ನುಡಿಗಟ್ಟು ಆ ಪದವನ್ನು ಕೇಳುತ್ತದೆ ಎಂಬುದು ಲೂಥರನ ಸಮರ್ಥನೆ. ಅನುವಾದಕರ ಪೈಕಿ ನಾನಂತೂ ಅವನ ಪರ. ಆದರೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ವ್ಯಾಟಿಕನ್ನೂ ಲೂಥರನ್ ಒಕ್ಕೂಟವೂ ಇದೇ ವಿಷಯದ ಜಂಟಿ ಘೋಷಣೆಗೆ ಸಹಿ ಹಾಕಿ, 2006ರಲ್ಲಿ ಮೆಥೊಡಿಸ್ಟರೂ ಅದಕ್ಕೆ ಸೇರಿದ ಮೇಲೆ, ‘ಅವರದ್ದು ಕ್ರಿಯೆ, ಇವರದ್ದು ನಂಬಿಕೆ’ ಎಂಬ ಗೆರೆ ಎಳೆಯುವವರು ತುಸು ಓದಿಕೊಳ್ಳಬೇಕು. ಒಪ್ಪಂದ ರಕ್ಷಣೆಯ ಬುಡದ ಬಗ್ಗೆ ಆಯಿತು, ಭೋಜನದ ಮೇಜಿನ ಬಗ್ಗೆ ಆಗಲಿಲ್ಲ. ಆ ಮೇಜಿಗೆ ಇಂದಿಗೂ ಒಟ್ಟಿಗೆ ಕೂರುವ ಹಾಗಿಲ್ಲ.

ಕ್ರಿಯಾಪದದ ಕಾಲ ಗಮನಿಸಿದರೆ ಇವರ ನಡುವಿನ ದೂರ ಕಿವಿಗೇ ಬೀಳುತ್ತದೆ. ಬಸ್‌ ಸ್ಟ್ಯಾಂಡಿನಲ್ಲಿ ಕರಪತ್ರ ಕೊಡುವವರು ‘ನಿಮಗೆ ರಕ್ಷಣೆ ಆಗಿದೆಯಾ ಬ್ರದರ್?’ ಎಂದು ಕೇಳುತ್ತಾರೆ, ಆಗಿಹೋದ ಸಂಗತಿಯ ಹಾಗೆ. ಕ್ಯಾಥೊಲಿಕ್ ಅಜ್ಜಿಯನ್ನು ಕೇಳಿ ನೋಡಿ: ‘ದೇವರು ಕರುಣಿಸಬೇಕು ಮಗಾ’ ಎಂದಷ್ಟೇ ಬರುತ್ತದೆ.

ಕೊನೆಗೆ ಲಗ್ನಪತ್ರಿಕೆ ಅಚ್ಚು ಮಾಡುವವರಿಗೆ. ಕ್ಯಾಥೊಲಿಕ್ ಹುಡುಗಿ, ಸಿಎಸ್‌ಐ ಹುಡುಗ ಎಂಬ ಮದುವೆ ಈಗ ಅಪರೂಪವಲ್ಲ. ಇಂಥ ಕಡೆ ಹೆಚ್ಚಾಗಿ ಪೂಜೆ ಇಲ್ಲದೆಯೇ ವಿವಾಹ ನಡೆಸುತ್ತಾರೆ, ಇಬ್ಬರಲ್ಲಿ ಒಬ್ಬರು ಪರಮಪ್ರಸಾದಕ್ಕೆ ಬರುವಂತಿಲ್ಲವಲ್ಲ. ಹಳೆಯ ಮಾದರಿಯಿಂದ ‘ವಿವಾಹ ಬಲಿಪೂಜೆ’ ಎಂದು ನಕಲು ಹೊಡೆಯಬೇಡಿ. ಸ್ವಾಮಿಗಳಿಗೆ ಒಂದು ಫೋನು ಮಾಡಿ ಕೇಳಿ. ಪೂಜೆ ಇಲ್ಲ ಎಂದರೆ ‘ವಿವಾಹ ವಿಧಿ’ ಎಂದು ಹಾಕಿ. ಮದುವೆಯನ್ನು ಸಂಸ್ಕಾರಗಳಲ್ಲಿ ಎಣಿಸದ ಹುಡುಗನ ಮನೆಯವರೂ ಅದಕ್ಕೆ ತಕರಾರು ಮಾಡುವುದಿಲ್ಲ.